ದೇವರ ಕಾನು ಮತ್ತು ನಾವು

(ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ‘ಧರ್ಮ, ಅಧ್ಯಾತ್ಮ ಮತ್ತು ಪರಿಸರ’ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, “ಧರ್ಮ, ಅಧ್ಯಾತ್ಮ, ಪರಿಸರ, ಈ ಮೂರನ್ನೂ ಸೇರಿಸಿ ಮಾತಾಡಬೇಕು, ಇಪ್ಪತ್ತು ನಿಮಿಷ” ಎಂದಾಗ ನನಗೆ ನಗು ಬಂತು. ಒಂದೊಂದು ಶಬ್ದಕ್ಕೂ ಒಂದೊಂದು ಜನ್ಮ ಸಾಲದು, ಇವರು ಮೂರಕ್ಕೂ ಸೇರಿ ಇಪ್ಪತ್ತು ನಿಮಿಷ ಕೊಡುತ್ತಿದ್ದಾರಲ್ಲ ಅಂತ. ನಾನು ಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಆದ್ದರಿಂದ ದೊಡ್ಡ ಶಬ್ದಗಳನ್ನು ಬದಿಗಿಟ್ಟು ನನಗೆ ಗೊತ್ತಿರುವ ಒಂದು ಜಾಗದ ಬಗ್ಗೆ ಮಾತಾಡುತ್ತೇನೆ. ನಿಮಗೂ ಗೊತ್ತಿರುವ ಜಾಗವೇ. ಈ ಶಾಲೆಯ ಮೈದಾನದ ಆಚೆ, ಗದ್ದೆ ಬಯಲು ದಾಟಿದರೆ ಕಾಣುವ ನಮ್ಮ ಚೌಡಮ್ಮನ ಕಾನು.

ಮಾತು ಶುರು ಮಾಡುವ ಮೊದಲು ಮಕ್ಕಳಿಗೆ ಒಂದು ವಿಷಯ ಹೇಳಬೇಕು. ಹಳೆಯ ಕಟ್ಟಡದಲ್ಲಿ ಈಗ ನಿಮ್ಮ ಗ್ರಂಥಾಲಯ ಇರುವ ಕೋಣೆಯ ಮಾಡು ನೋಡಿದ್ದೀರಾ? ಹೆಂಚಿನ ಕೆಳಗೆ ಕಪ್ಪಗಾದ ನಾಲ್ಕು ದಪ್ಪ ತೊಲೆಗಳಿವೆ. ಅವು ಹೆಬ್ಬಲಸಿನ ಮರದವು. ಆ ಮರ ಎಲ್ಲಿಂದ ಬಂತು ಎಂಬುದು ಈಗಿನವರಿಗೆ ಗೊತ್ತಿರಲಾರದು. ನಾನು ನೋಡಿದ್ದೇನೆ, ಹೇಳುತ್ತೇನೆ.

ಐವತ್ತು ವರ್ಷದ ಹಿಂದೆ ಸರ್ಕಾರ ನಮ್ಮೂರಿಗೆ ಹೈಸ್ಕೂಲು ಮಂಜೂರು ಮಾಡಿತು, ಕಟ್ಟಡ ಕೊಡಲಿಲ್ಲ. ನಮ್ಮ ಎಂಟನೇ ತರಗತಿಯ ಪಾಠ ನಡೆದದ್ದು ಈಶ್ವರ ದೇವಸ್ಥಾನದ ಚಂದ್ರಶಾಲೆಯಲ್ಲಿ. ಗಂಟೆ ಬಾರಿಸಿದರೆ ಪೂಜೆಗೋ ಪಿರಿಯಡ್ಡಿಗೋ ಎಂದು ತಿಳಿಯುತ್ತಿರಲಿಲ್ಲ. ಊರವರು ಶ್ರಮದಾನದಿಂದ ಎರಡು ಕೋಣೆ ಕಟ್ಟುವುದೆಂದು ತೀರ್ಮಾನಿಸಿದರು. ಕಲ್ಲು ಬಂತು, ಮಣ್ಣು ಬಂತು, ಹೆಂಚಿಗೆ ದುಡ್ಡು ಕೂಡಿತು. ಮಾಡಿಗೆ ಮರ ಬೇಕಲ್ಲ? ಹತ್ತಿರದಲ್ಲಿ ಅಂಥ ಮರ ಇದ್ದದ್ದು ಕಾನಿನಲ್ಲಿ ಮಾತ್ರ.

ಆಗ ಊರ ಗೌಡರು, “ನಮ್ಮ ಮಕ್ಕಳ ಶಾಲೆ, ಒಳ್ಳೆಯ ಕೆಲಸ, ಕಡಿದು ತನ್ನಿ” ಎಂದು ಹೇಳಲಿಲ್ಲ. “ಅಮ್ಮನ್ನ ಕೇಳೋಣ” ಎಂದರು. ಒಂದು ಮಂಗಳವಾರ ನಾವೆಲ್ಲ ಹುಡುಗರೂ ಹಿಂದೆ ಹಿಂದೆ ಹೋದೆವು. ಗುಡಿ ಅಂತ ಆಗ ಏನೂ ಇರಲಿಲ್ಲ. ದೊಡ್ಡ ಧೂಪದ ಮರದ ಬುಡದಲ್ಲಿ ಒಂದು ಕಲ್ಲು, ಪಕ್ಕದಲ್ಲಿ ಸಣ್ಣ ಒರತೆ. ಪೂಜಾರಿ ಅಜ್ಜ ಕಲ್ಲಿಗೆ ನೀರೆರೆದು, ಸಿಂಗಾರದ ಎಸಳುಗಳನ್ನು ಅಂಟಿಸಿ, ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ ಎಂದು ಅರಿಕೆ ಮಾಡಿದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಎಡಗಡೆಯದು ಬಿತ್ತು.

ಯಾರೂ ಮಾತಾಡಲಿಲ್ಲ. ವಾಪಸು ಬಂದೆವು. ಶಾಲೆಗಾಗಿ ಕೇಳಿದರೂ ಅಮ್ಮ ಕೊಡಲಿಲ್ಲವಲ್ಲ ಎಂದು ನಮ್ಮ ಹೆಡ್‌ಮಾಸ್ತರರಿಗೆ ಬೇಜಾರು. ಅವರು ಬಯಲುಸೀಮೆಯಿಂದ ಬಂದವರು, ಈ ಪದ್ಧತಿ ಅವರಿಗೆ ಹೊಸದು. ಆ ವರ್ಷದ ಮಳೆಗಾಲದಲ್ಲಿ ಗಾಳಿಗೆ ಕಾನಿನ ಅಂಚಿನಲ್ಲಿ ಒಂದು ಹೆಬ್ಬಲಸು ಬೇರುಸಮೇತ ಬಿತ್ತು. ಮಳೆ ಕಳೆದ ಮೇಲೆ ಮತ್ತೆ ಹೋಗಿ ಕೇಳಿದರು. ನಿಂತ ಮರ ಬೇಡ, ಬಿದ್ದದ್ದನ್ನು ಒಯ್ಯಬಹುದೇ ಅಂತ. ಬಲಗಡೆ ಪ್ರಸಾದ ಆಯಿತು. ಆ ಮರವೇ ನಿಮ್ಮ ಗ್ರಂಥಾಲಯದ ತೊಲೆ. ಐವತ್ತು ಮಳೆಗಾಲ ಕಂಡರೂ ಗೆದ್ದಲು ಹತ್ತಿಲ್ಲ.

ಈ ಕಥೆಯನ್ನು ದೇವರ ಪವಾಡ ಎಂದು ಹೇಳುವುದಕ್ಕೆ ನಾನು ಇಲ್ಲಿ ಬಂದಿಲ್ಲ. ಒದ್ದೆ ಕಲ್ಲಿನ ಮೇಲಿನ ಎಸಳು ಯಾವ ಕಡೆ ಬೀಳುತ್ತದೆ ಎಂಬುದಕ್ಕೆ ನೀರು, ಗಾಳಿ, ತೂಕ ಎಂದು ಕಾರಣ ಹೇಳಬಹುದು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಇಡೀ ಊರು ಒಂದು ಮರಕ್ಕಾಗಿ ಕೇಳಿತು. ‘ಇಲ್ಲ’ ಎಂಬ ಉತ್ತರ ಬಂದಾಗ ಅದನ್ನು ಒಪ್ಪಿಕೊಂಡು ಕಾದಿತು. ನನ್ನ ಇಂದಿನ ಮಾತೆಲ್ಲ ಇಷ್ಟರ ಸುತ್ತಲೇ ಇದೆ.

ಕಾನು ಎಂದರೆ ಪರವೂರಿಂದ ಬಂದ ಮಿತ್ರರಿಗೆ ಸ್ವಲ್ಪ ಹೇಳಬೇಕು. ಶಿರಸಿ, ಸಿದ್ದಾಪುರ, ಸೊರಬ, ಸಾಗರದ ಕಡೆ ವರ್ಷವಿಡೀ ಹಸಿರಾಗಿರುವ, ಹಗಲಲ್ಲೂ ಕತ್ತಲೆಯಿರುವ ದಟ್ಟ ಕಾಡಿನ ತುಂಡಿಗೆ ಕಾನು ಎನ್ನುತ್ತೇವೆ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕೊಯ್ಯಬಹುದು, ದರಕು ಗುಡಿಸಬಹುದು. ಕಾನಿನ ರೀತಿಯೇ ಬೇರೆ. ಅಲ್ಲಿ ಕಾಳುಮೆಣಸು, ಉಪ್ಪಾಗೆ, ಬೈನೆ, ಜೇನು ಸಿಗುತ್ತಿತ್ತು, ಆದರೆ ನಿಂತ ಮರಕ್ಕೆ ಕತ್ತಿ ಹಾಕುವಂತಿರಲಿಲ್ಲ. ದೇವರಿರುವ ಕಾನಾದರೆ ಇನ್ನೂ ಬಿಗಿ. ಚೌಡಿ, ಭೂತಪ್ಪ, ಜಟಕ, ಹುಲಿದೇವರು, ನಾಗ, ಒಂದೊಂದು ಬನಕ್ಕೆ ಒಂದೊಂದು ಒಡೆತನ. ನಮ್ಮ ಕಾನಿನೊಳಗೆ ಮೆಟ್ಟು ಹಾಕಿ ಹೋಗುವಂತಿಲ್ಲ, ಕತ್ತಿ ಒಯ್ಯುವಂತಿಲ್ಲ, ಉಗುಳುವಂತಿಲ್ಲ, ಒಣಗಿದ ಕಡ್ಡಿಯನ್ನೂ ಮನೆಗೆ ತರುವಂತಿಲ್ಲ. ನನ್ನ ಅಜ್ಜಿ ಮುಸ್ಸಂಜೆ ಆದ ಮೇಲೆ ಅಂಗಳದ ತುಳಸಿಯನ್ನೂ ಮುಟ್ಟಗೊಡುತ್ತಿರಲಿಲ್ಲ. “ಮಲಗಿರ್ತದೆ, ಎಬ್ಬಿಸಬೇಡ” ಎನ್ನುತ್ತಿದ್ದಳು. ಸೀಗೆ ಹುಣ್ಣಿಮೆಗೆ ಭೂಮಿಗೆ ಬಯಕೆ ಎಂದು ಬೆಳಗಿನ ಜಾವ ಗದ್ದೆಗೆ ಅಡಿಗೆ ಹೊತ್ತು ಹೋಗುತ್ತಿದ್ದೆವು. ದೀವರ ಮನೆಗಳ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯ ಚೆಂದ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕದಿರು ಕಟ್ಟುವ ಪೈರು ಬಸುರಿ ಹೆಂಗಸಿದ್ದಂತೆ, ಅವಳಿಗೆ ಉಣ್ಣಿಸಿ ಆಮೇಲೆ ನಾವು ಉಣ್ಣಬೇಕು. ಕಾಗೆಗೂ ಇಲಿಗೂ ಅದರಲ್ಲಿ ಪಾಲು.

ಇದಕ್ಕೆಲ್ಲ ಧರ್ಮ ಎನ್ನುತ್ತೀರೋ, ಅಧ್ಯಾತ್ಮ ಎನ್ನುತ್ತೀರೋ, ಮೂಢನಂಬಿಕೆ ಎನ್ನುತ್ತೀರೋ? ಈ ಪ್ರಶ್ನೆ ನಮಗಿಂತ ಮೊದಲೇ ಒಬ್ಬರಿಗೆ ಬಂದಿತ್ತು. ಟಿಪ್ಪು ಸುಲ್ತಾನ ಬಿದ್ದ ಮೇಲೆ ಹೊಸ ಸೀಮೆಯ ಆದಾಯ, ಬೆಳೆ, ಜನಜೀವನ ತಿಳಿದುಬರಲಿಕ್ಕೆ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. ಆತ 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ ಬರೆದ ಪುಸ್ತಕ 1807ರಲ್ಲಿ ಅಚ್ಚಾಯಿತು. ಉತ್ತರ ಕನ್ನಡದ ಕರಾವಳಿಗೆ ಬಂದಾಗ ಆತ ಒಂದು ಸಂಗತಿ ಗುರುತಿಸಿದ. ಇಲ್ಲಿನ ಕಾಡುಗಳು ಊರ ದೇವರಿಗೆ ಸೇರಿದವು, ಊರ ಗೌಡನೇ ಪೂಜಾರಿ, ಅವನ ಮೂಲಕ ಅಪ್ಪಣೆ ಪಡೆಯದೆ ಮರ ಕಡಿಯಬಾರದು, ಅಪ್ಪಣೆ ಕೊಡುವುದಕ್ಕೆ ದೇವರು ಕಾಣಿಕೆ ಏನೂ ಕೇಳುವುದಿಲ್ಲ, ಆದರೆ ಕೇಳದೆ ಕಡಿದರೆ ಬಿಡುವುದಿಲ್ಲ. ಇಷ್ಟು ಬರೆದು ಬುಕಾನನ್ ತನ್ನ ಷರಾ ಸೇರಿಸಿದ. ಸರ್ಕಾರ ಈ ಕಾಡು ತನ್ನದೆಂದು ಹೇಳದಂತೆ ತಡೆಯಲು ಜನ ಹೂಡಿದ ಉಪಾಯ ಇದು, ಅಷ್ಟೇ ಎಂದು.

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ನಮ್ಮ ಭಕ್ತಿಯನ್ನು ಉಪಾಯ ಎನ್ನುತ್ತಾನಲ್ಲ! ಈಗ ವಯಸ್ಸಾದ ಮೇಲೆ ಅನಿಸುತ್ತದೆ, ಉಪಾಯವೇ ಆಗಿದ್ದರೂ ಎಂಥ ಉಪಾಯ! ಕಾಡು ನನ್ನದು ಎಂದರೆ ನಾನು ಮಾರಬಹುದು. ಸರ್ಕಾರದ್ದು ಎಂದರೆ ಸರ್ಕಾರ ಹರಾಜು ಹಾಕಬಹುದು. ದೇವರದು ಎಂದರೆ ಮಾರುವವರೂ ಇಲ್ಲ, ಕೊಳ್ಳುವವರೂ ಇಲ್ಲ. ಬುಕಾನನ್ ಕಣ್ಣಿಗೆ ಬೀಳದೆ ಹೋದದ್ದು ಒಂದಿದೆ. ಆ ಉಪಾಯ ಸರ್ಕಾರವನ್ನು ಮಾತ್ರ ತಡೆಯಲಿಲ್ಲ, ನಮ್ಮ ಕೈಯನ್ನೂ ತಡೆಯಿತು. ಗೌಡನ ಕೈಯನ್ನೂ ತಡೆಯಿತು.

ಇನ್ನು ನನ್ನ ಪಾಠದ ವಿಷಯಕ್ಕೆ ಬರುತ್ತೇನೆ. ಹೀಗೆ ಉಳಿದ ತುಂಡು ಕಾಡಿನಿಂದ ಏನು ಉಪಯೋಗ? ಹೊನ್ನಾವರದಿಂದ ಘಟ್ಟ ಹತ್ತಿ ಜೋಗದ ಕಡೆ ಬರುವಾಗ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಸಿಗುತ್ತದೆ. ಹೆಸರೇ ಹೇಳುವಂತೆ ಕತ್ತಲೆಯ ಕಾನು. ಅಲ್ಲಿ ಹಳ್ಳದ ಜವುಗಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜಡ್ಡಿಗಳಿವೆ. ನೀರಿನಲ್ಲಿ ಬೇರು ಮುಳುಗಿ ಉಸಿರು ಕಟ್ಟದಂತೆ ಕೆಲವು ಮರಗಳು ಮಂಡಿ ಮಡಚಿದ ಹಾಗೆ ಬೇರನ್ನು ಮೇಲೆತ್ತಿ ನಿಂತಿರುತ್ತವೆ. ಇಂಥ ಜಡ್ಡಿಗಳು ಬಹಳ ಪುರಾತನ ಕಾಡಿನ ಉಳಿಕೆಗಳು. ಅಲ್ಲಿಂದಲೇ ಗೇರಿನ ಬಳಗಕ್ಕೆ ಸೇರಿದ ಒಂದು ಹೊಸ ಮರವನ್ನು ಸಸ್ಯವಿಜ್ಞಾನಿಗಳು 2000ದಲ್ಲಿ ಲೋಕಕ್ಕೆ ಪರಿಚಯಿಸಿದರು. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ನೋಡಿ, ನಮ್ಮ ಒಂದು ಕಾನಿನ ಕನ್ನಡ ಹೆಸರು ಲ್ಯಾಟಿನ್ನಿನೊಳಗೆ ಸೇರಿ ಪ್ರಪಂಚ ಸುತ್ತುತ್ತಿದೆ. ಇನ್ನು ಅಘನಾಶಿನಿ ಕಣಿವೆಯ ಆ ಕಾಡುಗಳು ಸಿಂಗಳೀಕಗಳ ಮನೆ. ಅವುಗಳಿಗಾಗಿಯೇ 2011ರಲ್ಲಿ ಅಲ್ಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು.

ನಮ್ಮ ಕಾನು ಅಷ್ಟು ದೊಡ್ಡದಲ್ಲ, ನಿಜ. ಆದರೆ ನಮ್ಮಲ್ಲೂ ಮಂಗಟ್ಟೆ ಹಕ್ಕಿ ಇದೆ. ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು ಮೊಟ್ಟೆಯಿಡುತ್ತದೆ. ಒಂದು ಸಣ್ಣ ಕಿಂಡಿಯಲ್ಲಿ ಗಂಡು ಹಣ್ಣು ತಂದು ಉಣಿಸಬೇಕು. ಪೊಟರೆ ಬೇಕಾದರೆ ಹಳೆಯ ದಪ್ಪ ಮರ ಬೇಕು. ರಾಮಪತ್ರೆಯಂಥ ದೊಡ್ಡ ಬೀಜವನ್ನು ನುಂಗಿ ದೂರ ಒಯ್ದು ಹಾಕುವ ಹಕ್ಕಿಗಳು ಕೆಲವೇ, ಅವುಗಳಲ್ಲಿ ಮಂಗಟ್ಟೆ ಮುಖ್ಯ. ಮರ ಹೋದರೆ ಹಕ್ಕಿ ಹೋಯಿತು, ಹಕ್ಕಿ ಹೋದರೆ ಮುಂದಿನ ಮರ ಹೋಯಿತು. ನೆಲದ ಮೇಲೆ ಗುಡಿಸದೆ ಬಿಟ್ಟ ಎಲೆಗಳು ಕೊಳೆತು ಮಣ್ಣು ಮೆತ್ತಗಾಗಿ ಮಳೆನೀರು ಓಡದೆ ಇಂಗುತ್ತದೆ. ಒರತೆಯ ಗುಟ್ಟು ಅದೇ. ‘ಒಣಕಡ್ಡಿಯನ್ನೂ ತರಬೇಡಿ’ ಎಂಬ ಕಟ್ಟಳೆಗೆ ನಮ್ಮ ಹಿರಿಯರು ಕೊಟ್ಟ ಕಾರಣ ಅಮ್ಮನ ಕೋಪ. ನಾನು ಕೊಡುವ ಕಾರಣ ಮಣ್ಣಿನ ತೇವ. ಕೆಲಸ ಒಂದೇ.

ಹಿರಿಯರಿಗೆ ಇದು ಗೊತ್ತೇ ಇರಲಿಲ್ಲ ಎಂದೂ ಹೇಳಲಾಗದು. ಮಹಾರಾಷ್ಟ್ರದ ಕೊಂಕಣದಲ್ಲಿ, ಶ್ರೀವರ್ಧನ ತಾಲ್ಲೂಕಿನ ಗಾಣಿ ಎಂಬ ಊರಿನಲ್ಲೂ ಒಂದು ದೇವಿಯ ಬನ ಇತ್ತು. ಅದನ್ನು ಕಡಿಯುವ ಮಾತು ಬಂದಾಗ ಊರವರು ಪುಣೆಯ ಸಸ್ಯವಿಜ್ಞಾನಿ ವಾರ್ತಕ್ ಅವರ ಸಹಾಯ ಕೇಳಿದರು. ಮಾಧವ ಗಾಡ್ಗೀಳರು ಇದನ್ನು ಬರೆದಿದ್ದಾರೆ. ಬನ ಹೋದರೆ ಅಲ್ಲಿಂದ ಹರಿದು ಬರುವ ಹಳ್ಳ ಬತ್ತುತ್ತದೆ ಎಂಬುದು ಆ ಜನರ ಆತಂಕವಾಗಿತ್ತು. ಭಕ್ತಿಯೂ ಇತ್ತು, ತಿಳಿವಳಿಕೆಯೂ ಇತ್ತು. ಒಂದೇ ತಲೆಯಲ್ಲಿ ಎರಡೂ ಇರಬಾರದು ಎಂದು ಯಾರು ಹೇಳಿದರು?

ಹಾಗಂತ ಹಿಂದಿನದೆಲ್ಲ ಚಿನ್ನ ಎಂದು ನಾನು ಹೇಳಿದರೆ ಈ ಸಭೆಯಲ್ಲಿರುವ ಅನೇಕರಿಗೆ ಅನ್ಯಾಯವಾಗುತ್ತದೆ. ನಮ್ಮ ಕಾನಿನ ಒಳಗೆ ಕಲ್ಲಿನ ತನಕ ಎಲ್ಲ ಕೇರಿಯವರೂ ಹೋಗುವಂತಿರಲಿಲ್ಲ. ನನ್ನ ಜೊತೆಗೆ ಇದೇ ಬೆಂಚಿನಲ್ಲಿ ಕುಳಿತು ಓದಿದ ಗೆಳೆಯ, ಪ್ರಸಾದ ಕೇಳುವ ದಿನ ಹಳ್ಳದ ಆಚೆಯೇ ನಿಂತಿದ್ದ. ಶಾಲೆಯ ಗೋಡೆಗೆ ಮಣ್ಣು ಹೊತ್ತವರಲ್ಲಿ ಅವನ ಅಪ್ಪನೂ ಒಬ್ಬರು. ಹೆಣ್ಣುಮಕ್ಕಳಿಗೆ ಬೇರೆಯೇ ನಿರ್ಬಂಧಗಳಿದ್ದವು. ಮರಕ್ಕೆ ದಯೆ ತೋರಿಸಿದ ಊರು ಮನುಷ್ಯನಿಗೆ ತೋರಿಸಲಿಲ್ಲ. ಕಾನು ಉಳಿಸಬೇಕು ಎನ್ನುವಾಗ ಆ ಹಳ್ಳದ ಗೆರೆಯನ್ನೂ ಉಳಿಸಬೇಕು ಎಂದು ಯಾರೂ ತಿಳಿಯಬಾರದು. ಅದು ಅಳಿಯಲೇಬೇಕು. ಈಗ ಬಹಳಮಟ್ಟಿಗೆ ಅಳಿದಿದೆ, ಅದರಲ್ಲಿ ಈ ಶಾಲೆಯ ಪಾಲು ದೊಡ್ಡದು.

ಇನ್ನು ಮುಂದಿನ ಮಾತು ನನಗೆ ಕಷ್ಟದ್ದು. ಆದರೆ ಅದನ್ನು ಹೇಳದೆ ಇಳಿದರೆ ಈವರೆಗೆ ಹೇಳಿದ್ದು ಸುಳ್ಳಾಗುತ್ತದೆ.

22 ವರ್ಷದ ಹಿಂದೆ ಚೌಡಮ್ಮನಿಗೆ ಗುಡಿ ಕಟ್ಟಬೇಕು, ಮುಂದೆ ಒಂದು ಸಭಾಭವನ ಆಗಬೇಕು ಎಂದು ಊರಲ್ಲಿ ಹುರುಪು ಬಂತು. ಅಮ್ಮ ಮಳೆಯಲ್ಲಿ ನೆನೆಯುತ್ತಾಳೆ, ನಾವು ಮಾತ್ರ ತಾರಸಿ ಮನೆಯಲ್ಲಿದ್ದೇವೆ ಎಂದರು. ಕೇಳಲಿಕ್ಕೆ ಎಷ್ಟು ಚೆಂದದ ಮಾತು! ಪೇಟೆಯಲ್ಲಿ ನೌಕರಿಯಲ್ಲಿದ್ದ ನನ್ನನ್ನು ಸಮಿತಿಗೆ ಸೇರಿಸಿಕೊಂಡರು. ಜೀರ್ಣೋದ್ಧಾರದ ವಿಜ್ಞಾಪನಾ ಪತ್ರ ಬರೆದವನು ನಾನೇ. ಹಳೆಯ ವಿದ್ಯಾರ್ಥಿಗಳ ವಿಳಾಸ ಹುಡುಕಿ ಹುಡುಕಿ ಕಳಿಸಿದೆ. ಇಲ್ಲಿರುವ ನಿಮ್ಮಲ್ಲಿ ಅನೇಕರು ಆ ಪತ್ರ ನೋಡಿ ದುಡ್ಡು ಕಳಿಸಿದವರು. ನನ್ನ ಅಕ್ಷರಕ್ಕೆ ಮನ್ನಣೆ ಕೊಟ್ಟಿರಿ.

ಗುಡಿಗೆ, ಭವನಕ್ಕೆ, ಲಾರಿ ಬರುವ ದಾರಿಗೆ ಎಂದು 31 ಮರ ಹೋದವು. ಧೂಪ, ಹೈಗ, ಎರಡು ರಾಮಪತ್ರೆ, ಸುರಗಿ, ನೇರಲು. ನಾನು ಸಸ್ಯಶಾಸ್ತ್ರದ ಮೇಷ್ಟ್ರು, ಪ್ರತಿಯೊಂದರ ಹೆಸರನ್ನೂ ಲ್ಯಾಟಿನ್ನಿನಲ್ಲಿ ಹೇಳಬಲ್ಲೆ. ಕಡಿಯಬೇಡಿ ಎಂದು ಕನ್ನಡದಲ್ಲಿ ಹೇಳಲಾಗಲಿಲ್ಲ. ಸಮಿತಿಯ ಸಭೆಗಳಲ್ಲಿ ನಕ್ಷೆ ಬಂತು, ಎಸ್ಟಿಮೇಟು ಬಂತು, ಕಂಬದ ಬಣ್ಣದ ಬಗ್ಗೆಯೇ ಒಂದು ತಾಸು ಚರ್ಚೆ ಆಯಿತು. ಮರದ ಬಗ್ಗೆ ಐದು ನಿಮಿಷವೂ ಆಗಲಿಲ್ಲ.

ಪೂಜಾರಿ ಅಜ್ಜನಿಗೆ ಆಗ ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿತ್ತು. ಗರಗಸದ ಮೆಷಿನ್ನಿನ ಸದ್ದು ಕೇಳಿ ಕೋಲೂರಿಕೊಂಡು ಬಂದು ನನ್ನ ಹತ್ತಿರ ನಿಂತರು.

“ಕೇಳಿದ್ರಾ?” ಎಂದರು.

“ಕಮಿಟಿಯಲ್ಲಿ ತೀರ್ಮಾನ ಆಗಿದೆ ಅಜ್ಜ” ಎಂದೆ.

“ಕಮಿಟಿಯನ್ನಲ್ಲ” ಎಂದರು. ಅಷ್ಟೇ. ತಿರುಗಿ ಹೋದರು.

ಧೂಪದ ಮರದ ಬುಡದಲ್ಲಿದ್ದ ಅಮ್ಮನನ್ನು ಟೈಲ್ಸ್ ಹಾಕಿದ ಗರ್ಭಗುಡಿಗೆ ತಂದೆವು. ಅಮ್ಮನಿಗೆ ಮನೆ ಕಟ್ಟಿದೆವು ಎಂದು ನಾವು ಹೆಮ್ಮೆಪಟ್ಟೆವು. ಅಮ್ಮನ ಮನೆಯನ್ನೇ ಕೆಡವಿದ್ದೇವೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಒರತೆ ಈಗ ಮಾರ್ಚಿಗೇ ಬತ್ತುತ್ತದೆ. ಎಲ್ಲ ತಪ್ಪನ್ನೂ ಆ 31 ಮರದ ಮೇಲೆ ಹೊರಿಸುವುದಿಲ್ಲ. ಸುತ್ತ ಬೋರ್‌ವೆಲ್ ಕೊರೆದಿದ್ದೇವೆ, ಮಳೆಯ ರೀತಿಯೂ ಬದಲಾಗಿದೆ. ಆದರೆ ಒರತೆಯ ನೆತ್ತಿಯ ಮೇಲೆ ಸಿಮೆಂಟು ಹಾಕಿದವರು ನಾವು. ಆ ಲೆಕ್ಕದಲ್ಲಿ ನನ್ನ ಸಹಿ ಇದೆ.

ಇದು ನಮ್ಮೂರೊಂದರ ಕಥೆಯಲ್ಲ. ಕೊಡಗಿನಲ್ಲಿ ಊರಿಗೊಂದು ದೇವರಕಾಡು. ಈಗಲೂ ಲೆಕ್ಕದಲ್ಲಿ 1,200ಕ್ಕೂ ಹೆಚ್ಚು ಇವೆ. ಬೇಟೆಯ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ಆ ಕಾಡುಗಳು 1905ರಲ್ಲಿ ಸುಮಾರು 15,500 ಎಕರೆ ಇದ್ದವು, 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದವು. ದೇವರ ಮೇಲಿನ ಭಕ್ತಿ ಕೊಡಗಿನಲ್ಲಾಗಲಿ ನಮ್ಮಲ್ಲಾಗಲಿ ಕಡಿಮೆಯಾಗಿದೆಯೇ? ಇಲ್ಲ. ಜಾತ್ರೆಗೆ ಮೊದಲಿಗಿಂತ ಹೆಚ್ಚು ಜನ ಸೇರುತ್ತಾರೆ, ಹುಂಡಿಯಲ್ಲಿ ಮೊದಲಿಗಿಂತ ಹೆಚ್ಚು ದುಡ್ಡು ಬೀಳುತ್ತದೆ. ಹಾಗಾದರೆ ಹೋದದ್ದು ಏನು?

ನನಗೆ ತಿಳಿದಂತೆ, ದೇವರ ಹತ್ತಿರ ಬೇಡುವುದು ಉಳಿಯಿತು, ಕೇಳುವುದು ಹೋಯಿತು. ಮಗನಿಗೆ ನೌಕರಿ ಬೇಡುತ್ತೇವೆ, ಅಡಿಕೆಗೆ ರೇಟು ಬೇಡುತ್ತೇವೆ. ಆದರೆ ‘ಇದನ್ನು ತೆಗೆದುಕೊಳ್ಳಲೇ, ಬಿಡಲೇ’ ಎಂದು ಕೇಳುವುದಿಲ್ಲ. ಕೇಳಿದರೆ ‘ಬೇಡ’ ಎನ್ನುವ ಉತ್ತರವೂ ಬರಬಹುದು, ಅದಕ್ಕೆ ನಾವು ತಯಾರಿಲ್ಲ. ಅಧ್ಯಾತ್ಮ ಎಂಬ ಶಬ್ದಕ್ಕೆ ನಾನು ಕೊಡಬಲ್ಲ ಅರ್ಥ ಇಷ್ಟೇ: ನನ್ನ ಕೈಗೆ ಎಟುಕುವುದೆಲ್ಲ ನನ್ನದಲ್ಲ ಎಂದು ಒಳಗಿನಿಂದ ಅನಿಸುವುದು. ದೇವರನ್ನು ನಂಬದವನಿಗೂ ಇದು ಅನಿಸಬಹುದು. ದಿನಾ ಮೂರು ಹೊತ್ತು ಪೂಜೆ ಮಾಡುವವನಿಗೂ ಅನಿಸದೆ ಹೋಗಬಹುದು.

ಇದು ಯಾವುದೋ ಒಂದು ಮತದ ಸೊತ್ತೂ ಅಲ್ಲ. ಮೇಘಾಲಯದ ಮಾವ್‌ಫ್ಲಾಂಗ್ ಎಂಬಲ್ಲಿ ಖಾಸಿ ಜನರ ದೇವರ ಕಾಡಿದೆ, ಅಲ್ಲಿಂದ ಒಂದು ಎಲೆಯನ್ನೂ ಹೊರಗೆ ತರುವಂತಿಲ್ಲ. ಆಫ್ರಿಕಾದ ಇಥಿಯೋಪಿಯಾ ದೇಶದ ಉತ್ತರ ಭಾಗದಲ್ಲಿ ಸುತ್ತಮುತ್ತ ಕಾಡೆಲ್ಲ ಹೋಗಿ ಬರೀ ಹೊಲವಾಗಿದ್ದರೂ ಹಳೆಯ ಕ್ರೈಸ್ತ ದೇವಾಲಯಗಳ ಸುತ್ತ ಮಾತ್ರ ವರ್ತುಲದ ಹಾಗೆ ಕಾಡು ಉಳಿದಿದೆ. ದನ ನುಗ್ಗದಂತೆ ಅಲ್ಲಿನ ಪಾದ್ರಿಗಳೂ ಸಸ್ಯವಿಜ್ಞಾನಿಗಳೂ ಸೇರಿ ಕಲ್ಲಿನ ಪಾಗಾರ ಕಟ್ಟಿಸಿದ್ದಾರೆ. ಪಾದ್ರಿ ವಿಜ್ಞಾನಿಯನ್ನು ಕೇಳಿದ, ವಿಜ್ಞಾನಿ ಪಾದ್ರಿಯನ್ನು ಕೇಳಿದ. ನಮ್ಮಲ್ಲಿ ನಾನು ಅಜ್ಜನನ್ನು ಕೇಳಲಿಲ್ಲ.

ಈಗ ಈ ವಿಷಯವನ್ನು ಇವತ್ತೇ ಏಕೆ ತೆಗೆದೆ ಎಂದರೆ, ಕಾನಿನಲ್ಲಿ ಇನ್ನೊಂದು ಕೆಲಸದ ಮಾತು ನಡೆಯುತ್ತಿದೆ. ಜಾತ್ರೆಗೆ ಬರುವ ಕಾರು ನಿಲ್ಲಿಸಲಿಕ್ಕೆ ಜಾಗ ಸಾಲದು, ಪಶ್ಚಿಮದ ಅಂಚು ಸ್ವಲ್ಪ ಬಯಲು ಮಾಡೋಣ ಎಂದು. ಮಾತಾಡುತ್ತಿರುವವರು ಕೆಟ್ಟವರಲ್ಲ, ನನ್ನ ತಮ್ಮಂದಿರ ವಯಸ್ಸಿನ, ಊರಿನ ಮೇಲೆ ಪ್ರೀತಿ ಇರುವ ಹುಡುಗರು. ನಾನೂ ಅಂದು ಹಾಗೇ ಇದ್ದೆ. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಒಂದು ವಿನಂತಿ ಮಾಡಬಹುದು: ಕಡಿಯುವ ಮೊದಲು ಕೇಳಿ.

ಯಾರನ್ನು ಕೇಳುವುದು? ನಂಬಿಕೆ ಇದ್ದವರು ಅಮ್ಮನನ್ನು ಕೇಳಿ, ಎಡಗಡೆ ಬಿದ್ದರೆ ಒಪ್ಪಿಕೊಳ್ಳುವ ಮನಸ್ಸಿಟ್ಟುಕೊಂಡು ಕೇಳಿ. ಒರತೆಯ ಕೆಳಗಿನ ಗದ್ದೆಯವರನ್ನು ಕೇಳಿ. ಅಂದು ಹಳ್ಳದ ಆಚೆ ನಿಲ್ಲಿಸಿದವರನ್ನು ಈಗ ಎದುರಿಗೆ ಕೂರಿಸಿಕೊಂಡು ಕೇಳಿ. ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದು 2002ರ ಕಾಯ್ದೆ ಹೇಳುತ್ತದೆ. ಊರಿನ ಗಿಡ, ಮರ, ಪ್ರಾಣಿ, ಪಕ್ಷಿಗಳನ್ನೆಲ್ಲ ಬರೆದಿಡುವ ದಾಖಲಾತಿಯೂ ಆ ಕಾಯ್ದೆಯಲ್ಲಿದೆ. ಅದೇ ಕಾಯ್ದೆಯ ಕೆಳಗೆ 2007ರಲ್ಲಿ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅದು ನಮ್ಮ ರಾಜ್ಯದ್ದು ಎಂಬುದು ಹೆಮ್ಮೆ. ಹಾಗಾಗಿ ಕಾಗದದ ದಾರಿಯೂ ಇದೆ, ನಡೆಯುವ ಕಾಲು ಬೇಕು.

ಕಾರಿನ ವಿಷಯಕ್ಕೆ ಪರಿಹಾರ ಸಣ್ಣದು. ಜಾತ್ರೆ ವರ್ಷಕ್ಕೆ ಎರಡು ದಿನ. ಈ ಶಾಲೆಯ ಮೈದಾನ ಇದೆ, ಇಲ್ಲಿ ನಿಲ್ಲಿಸಿ ಹತ್ತು ನಿಮಿಷ ನಡೆಯಬಹುದು. ಅಮ್ಮನ ಹತ್ತಿರ ನಡೆದು ಹೋದರೆ ಪುಣ್ಯ ಕಡಿಮೆಯಾಗುವುದಿಲ್ಲ. ಹೋಗುವವರು ಪ್ಲಾಸ್ಟಿಕ್ ಕವರು, ಥರ್ಮಾಕೋಲ್ ತಟ್ಟೆ ಕಾನಿನೊಳಗೆ ಒಯ್ಯದಿದ್ದರೆ ಇನ್ನೂ ಒಳ್ಳೆಯದು. ಬಾಳೆ ಎಲೆಗೂ ಮುತ್ತುಗದ ಎಲೆಗೂ ನಮ್ಮಲ್ಲಿ ಬರವೇ? ಖಾಲಿಯಿದೆ ಎಂದು ಒಳಗೆ ಅಕೇಶಿಯಾ, ಅಲಂಕಾರದ ಗಿಡ ನೆಡುವುದೂ ಬೇಡ. ಬೀಜ ಅಲ್ಲೇ ಇದೆ, ಹಕ್ಕಿ ಅಲ್ಲೇ ಇದೆ. ನಾವು ಕೈ ಹಾಕದಿದ್ದರೆ ಸಾಕು.

ಇನ್ನೊಂದು, ಗಡಿಯ ಸರ್ವೆ. ನಾನು ಚಿಕ್ಕವನಿದ್ದಾಗ ಹಿರಿಯರು ಕಾನು 18 ಎಕರೆ ಎನ್ನುತ್ತಿದ್ದರು. ಈಗ ಹೆಜ್ಜೆ ಹಾಕಿ ನೋಡಿದರೆ 11ರ ಮೇಲೆ ಇರಲಾರದು. ಗುಡಿ, ಭವನಕ್ಕೆ ಹೋದದ್ದು ಸ್ವಲ್ಪ. ಉಳಿದದ್ದು ತೋಟದ ಬೇಲಿಗಳು ವರ್ಷಕ್ಕೊಂದು ಮಾರು ಒಳಗೆ ನಡೆದು ನಡೆದು ಹೋದದ್ದು. ಆ ಬೇಲಿಗಳಲ್ಲಿ ನಮ್ಮ ಮನೆಯದೂ ಒಂದಿದೆ. ಅಪ್ಪ ಹಾಕಿದ್ದೋ, ಅಣ್ಣ ಸರಿಸಿದ್ದೋ, ಈಗ ಪಹಣಿಯ ಪಾಲುದಾರ ನಾನು. ಊರಲ್ಲಿ ಸರ್ವೆ ಆಗಲಿ. ಮೊದಲು ಹಿಂದೆ ಬರುವ ಬೇಲಿ ನಮ್ಮದಾಗಿರುತ್ತದೆ. ನನ್ನ ಅಣ್ಣ ಇಲ್ಲೇ ಕುಳಿತಿದ್ದಾರೆ, ನಿನ್ನೆ ರಾತ್ರಿ ಈ ವಿಷಯಕ್ಕೆ ನಮ್ಮಿಬ್ಬರಲ್ಲಿ ಸ್ವಲ್ಪ ಜೋರು ಮಾತೇ ಆಯಿತು. ಬೆಳಗ್ಗೆ ಕಾಫಿ ಕುಡಿಯುವಾಗ, “ಆಯ್ತು ಮಾರಾಯ, ಹೇಳು” ಎಂದರು. ಆದ್ದರಿಂದ ಹೇಳುತ್ತಿದ್ದೇನೆ.

ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನಿಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಬರುವ ವರ್ಷದಿಂದ ಒಂಬತ್ತನೇ ತರಗತಿಯವರು ಕಾನಿನ ಒಂದು ಪುಸ್ತಕ ಇಡಬೇಕು. ಯಾವ ಮರ ಎಷ್ಟು, ಯಾವಾಗ ಹೂ, ಯಾವಾಗ ಹಣ್ಣು, ಮಂಗಟ್ಟೆ ಯಾವ ಪೊಟರೆಯಲ್ಲಿ ಗೂಡು ಮಾಡಿತು, ಒರತೆ ಯಾವ ತಾರೀಕಿಗೆ ಬತ್ತಿತು, ಯಾವ ತಾರೀಕಿಗೆ ಮತ್ತೆ ಬಂತು. ಕತ್ತಿ ಬೇಡ, ಮೆಟ್ಟು ಹೊರಗೆ ಬಿಡಿ, ಪೆನ್ಸಿಲ್ಲು ಸಾಕು. ಹುಡುಗರು ಹುಡುಗಿಯರು, ಎಲ್ಲ ಕೇರಿಯವರು, ಎಲ್ಲ ಜಾತಿ ಧರ್ಮದವರು ಒಟ್ಟಿಗೆ ಒಳಗೆ ಹೋಗಿ. ಆ 31 ಮರಗಳ ಹೆಸರು ನನ್ನ ಹತ್ತಿರ ಬರೆದಿಟ್ಟದ್ದಿದೆ, ಅದನ್ನು ಪುಸ್ತಕದ ಮೊದಲ ಪುಟಕ್ಕೆ ಕೊಡುತ್ತೇನೆ.

ಆ ಪುಸ್ತಕ ಇಡುವ ಜಾಗ ಗ್ರಂಥಾಲಯ. ತಲೆಯೆತ್ತಿ ನೋಡಿದರೆ ಮೇಲೆ ಹೆಬ್ಬಲಸಿನ ತೊಲೆ ಕಾಣುತ್ತದೆ. ಅದು ಕೇಳಿ ತಂದ ಮರ. ಈ ಶಾಲೆಯಲ್ಲಿ ಓದಿದ ನಾವೆಲ್ಲ ಐವತ್ತು ವರ್ಷ ಅದರ ಅಡಿಯಲ್ಲಿ ಕುಳಿತಿದ್ದೇವೆ. ಅದರ ಋಣ ನಮ್ಮ ಮೇಲಿದೆ.

ಮಾತಿನಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ. ಅಜ್ಜನ ಕ್ಷಮೆಯನ್ನು ಅವರಿದ್ದಾಗಲೇ ಕೇಳಬೇಕಿತ್ತು, ಕೇಳಲಿಲ್ಲ. ಇವತ್ತು ನಿಮ್ಮೆಲ್ಲರ ಎದುರಿಗೆ ಕೇಳಿದ್ದೇನೆ ಎಂದುಕೊಳ್ಳುತ್ತೇನೆ.